ಟರ್ಮಿನಲ್‌ನಲ್ಲಿ ಫೈಲ್‌ಗಳ ಪಟ್ಟಿ: ಎಲ್‌ಎಸ್ ಕಮಾಂಡ್ ಕುರಿತ ಅಧ್ಯಯನ ಟಿಪ್ಪಣಿ

ಎಲ್‌ಎಸ್ ಕಮಾಂಡ್ ಫೈಲ್‌ಗಳನ್ನು ತೆರೆದು ನೋಡುವುದಿಲ್ಲ. ಡೈರೆಕ್ಟರಿಯೊಂದರಲ್ಲಿ ದಾಖಲಾಗಿರುವ ಹೆಸರುಗಳನ್ನು ಓದಿ ಹೇಳುತ್ತದೆ, ಕೇಳಿದರೆ ಆ ಹೆಸರುಗಳಿಗೆ ಸಂಬಂಧಿಸಿದ ವಿವರಗಳನ್ನೂ ಕೊಡುತ್ತದೆ. ಡೈರೆಕ್ಟರಿಯನ್ನು ಫೈಲ್‌ಗಳನ್ನು ತುಂಬಿಟ್ಟ ಪೆಟ್ಟಿಗೆಯೆಂದು ತಿಳಿಯದೆ, ತರಗತಿಯ ಹಾಜರಿ ಪುಸ್ತಕದಂತೆ ಹೆಸರುಗಳ ದಾಖಲೆಯೆಂದು ತಿಳಿದರೆ ಮುಂದೆ ಬರುವ ಗೊಂದಲಗಳಲ್ಲಿ ಹೆಚ್ಚಿನವು ಹುಟ್ಟುವುದೇ ಇಲ್ಲ. ಕಲಬುರಗಿಯಲ್ಲಿ ನಮ್ಮೊಂದಿಗೆ ಲಿನಕ್ಸ್ ಕಲಿಯುತ್ತಿರುವವರಿಗೆ ಅನುಕೂಲವಾಗಲೆಂದು, ‘ಜಿಲ್ಲೆ’ ಎಂಬ ಡೈರೆಕ್ಟರಿಯೊಳಗೆ ಆಳಂದ, ಕಮಲಾಪುರ, ಕಲಬುರಗಿ, ಕಾಳಗಿ, ಚಿಂಚೋಳಿ, ಜೇವರ್ಗಿ, ಸೇಡಂ ಎಂಬ ತಾಲ್ಲೂಕುಗಳ ಹೆಸರಿನ ಉಪಡೈರೆಕ್ಟರಿಗಳಿವೆ ಎಂದು ಇಟ್ಟುಕೊಂಡು ಈ ಟಿಪ್ಪಣಿಯನ್ನು ಬರೆದಿದ್ದೇನೆ. ಕಮಾಂಡ್ ಮತ್ತು ಆಯ್ಕೆಗಳ ಅಕ್ಷರಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಕೀಬೋರ್ಡ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನೇ ಒತ್ತಬೇಕು. ದೊಡ್ಡ ಅಕ್ಷರ ಬೇಕಾದ ಕಡೆ ಹಾಗೆಂದು ಹೇಳಿದ್ದೇನೆ.

ಬೆಲ್ ಲ್ಯಾಬ್ಸ್‌ನಲ್ಲಿ ಸಿದ್ಧವಾದ ಯುನಿಕ್ಸ್‌ನ 1971ರ ಮೊದಲ ಕೈಪಿಡಿಯಲ್ಲಿಯೇ ಎಲ್‌ಎಸ್ ಇದೆ. ಯಾವ ಆಯ್ಕೆಯನ್ನೂ ಕೊಡದೆ ಬರೆದರೆ ಅದು ನಾವಿರುವ ಡೈರೆಕ್ಟರಿಯ ಹೆಸರುಗಳನ್ನು ಅಕಾರಾದಿಯಾಗಿ ಕೊಡುತ್ತದೆ, ಆದರೆ ಚುಕ್ಕೆಯಿಂದ ಆರಂಭವಾಗುವ ಹೆಸರುಗಳನ್ನು ಬಿಟ್ಟುಬಿಡುತ್ತದೆ. ಪ್ರತಿ ಡೈರೆಕ್ಟರಿಯಲ್ಲಿಯೂ ತನ್ನನ್ನೇ ಸೂಚಿಸುವ ಒಂದು ಚುಕ್ಕೆ ಮತ್ತು ಮೇಲಿನ ಡೈರೆಕ್ಟರಿಯನ್ನು ಸೂಚಿಸುವ ಎರಡು ಚುಕ್ಕೆಗಳ ದಾಖಲೆಗಳಿರುತ್ತವೆ. ಇವೆರಡೂ ಪಟ್ಟಿಯಲ್ಲಿ ಕಾಣದಿರಲೆಂದು ಹೆಸರಿನ ಮೊದಲ ಅಕ್ಷರ ಚುಕ್ಕೆಯೇ ಎಂಬುದನ್ನಷ್ಟೇ ಪರೀಕ್ಷಿಸಿ ಕೈಬಿಟ್ಟರು. ಆ ಸುಲಭದ ದಾರಿಯಿಂದಲೇ ‘ಅಡಗಿದ ಫೈಲ್’ ಎಂಬ ರೂಢಿ ಆಕಸ್ಮಿಕವಾಗಿ ಹುಟ್ಟಿತೆಂದು ಬೆಲ್ ಲ್ಯಾಬ್ಸ್‌ನಲ್ಲಿದ್ದ ರಾಬ್ ಪೈಕ್ ಹೇಳಿದ್ದಾರೆ. ಆದ್ದರಿಂದ ಅಡಗಿದ ಫೈಲ್ ಎಂದರೆ ರಕ್ಷಣೆ ಪಡೆದ ಫೈಲ್ ಎಂದು ಯಾರೂ ತಿಳಿಯಬಾರದು. -ಎ ಆಯ್ಕೆಯಿಂದ ಎಲ್ಲವೂ ಕಾಣುತ್ತವೆ. ದೊಡ್ಡಕ್ಷರದ -ಎ ಕೊಟ್ಟರೆ ಮೇಲೆ ಹೇಳಿದ ಎರಡು ದಾಖಲೆಗಳು ಮಾತ್ರ ಬಿಟ್ಟುಹೋಗುತ್ತವೆ.

ನಿಜವಾದ ಅಧ್ಯಯನ ಆರಂಭವಾಗುವುದು -ಎಲ್ ಆಯ್ಕೆಯಿಂದ. ಮೊದಲ ಸಾಲಿನಲ್ಲಿ ‘ಟೋಟಲ್’ ಎಂದು ಬರುವ ಸಂಖ್ಯೆಯನ್ನು ಅನೇಕರು ಫೈಲ್‌ಗಳ ಎಣಿಕೆಯೆಂದು ಬರೆಯುತ್ತಾರೆ. ಅದು ಆ ಫೈಲ್‌ಗಳು ಡಿಸ್ಕ್‌ನಲ್ಲಿ ಹಿಡಿದಿರುವ ಬ್ಲಾಕ್‌ಗಳ ಮೊತ್ತ. ನಂತರದ ಪ್ರತಿ ಸಾಲಿನ ಮೊದಲ ಅಕ್ಷರ ಆ ಹೆಸರು ಯಾವ ಬಗೆಯದೆಂದು ತಿಳಿಸುತ್ತದೆ: ಅಡ್ಡಗೆರೆಯಿದ್ದರೆ ಸಾಮಾನ್ಯ ಫೈಲ್, ಡಿ ಇದ್ದರೆ ಡೈರೆಕ್ಟರಿ, ಎಲ್ ಇದ್ದರೆ ಸಾಂಕೇತಿಕ ಲಿಂಕ್, ಅಂದರೆ ಬೇರೊಂದು ಹೆಸರಿನ ಕಡೆಗೆ ತೋರಿಸುವ ಹೆಸರು. ಅದರ ಮುಂದಿನ ಒಂಬತ್ತು ಅಕ್ಷರಗಳು ಮೂರು ಮೂರರ ಗುಂಪುಗಳಾಗಿ ಮಾಲೀಕರಿಗೆ, ಗುಂಪಿಗೆ ಮತ್ತು ಉಳಿದವರಿಗೆ ಇರುವ ಅನುಮತಿಯನ್ನು ಹೇಳುತ್ತವೆ. ಬಳಿಕ ಲಿಂಕ್‌ಗಳ ಎಣಿಕೆ (ಸಾಂಕೇತಿಕ ಲಿಂಕ್ ಅಲ್ಲ, ಅದೇ ಫೈಲ್‌ಗೆ ಎಷ್ಟು ಹೆಸರುಗಳಿವೆ ಎಂಬುದು), ಮಾಲೀಕರ ಹೆಸರು, ಗುಂಪಿನ ಹೆಸರು, ಬೈಟ್‌ಗಳಲ್ಲಿ ಗಾತ್ರ, ಕೊನೆಯ ಬಾರಿ ಬದಲಾದ ಸಮಯ ಮತ್ತು ಹೆಸರು ಬರುತ್ತವೆ.

ಅನುಮತಿಯ ಅಕ್ಷರಗಳು ಸಾಮಾನ್ಯ ಫೈಲ್‌ಗೆ ಸುಲಭ: ಆರ್ ಎಂದರೆ ಓದಲು, ಡಬ್ಲ್ಯೂ ಎಂದರೆ ಬರೆಯಲು, ಎಕ್ಸ್ ಎಂದರೆ ಪ್ರೋಗ್ರಾಂ ಆಗಿ ನಡೆಸಲು. ಡೈರೆಕ್ಟರಿಯ ವಿಷಯದಲ್ಲಿ ಇವುಗಳ ಅರ್ಥ ಬೇರೆ, ಪರೀಕ್ಷೆಗಳಲ್ಲಿ ಪ್ರಶ್ನೆ ಬರುವುದೂ ಹೆಚ್ಚಾಗಿ ಇಲ್ಲಿಂದಲೇ. ಡೈರೆಕ್ಟರಿಗೆ ಆರ್ ಇದ್ದರೆ ಅದರಲ್ಲಿರುವ ಹೆಸರುಗಳನ್ನು ಓದಬಹುದು. ಎಕ್ಸ್ ಇದ್ದರೆ ಆ ಹೆಸರಿನ ಮೂಲಕ ಒಳಗಿನ ಫೈಲನ್ನು ತಲುಪಬಹುದು. ಹೆಸರುಗಳನ್ನು ಸೇರಿಸಲು ಮತ್ತು ಅಳಿಸಲು ಡಬ್ಲ್ಯೂ ಮತ್ತು ಎಕ್ಸ್ ಎರಡೂ ಬೇಕು. ‘ಸೇಡಂ’ ಡೈರೆಕ್ಟರಿಗೆ ನಮಗೆ ಆರ್ ಇದ್ದು ಎಕ್ಸ್ ಇಲ್ಲದಿದ್ದರೆ, ಎಲ್‌ಎಸ್ -ಎಲ್ ಹೆಸರುಗಳನ್ನೇನೋ ಕೊಡುತ್ತದೆ, ಆದರೆ ಗಾತ್ರ, ಮಾಲೀಕ, ದಿನಾಂಕಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳನ್ನು ಮುದ್ರಿಸುತ್ತದೆ, ಏಕೆಂದರೆ ಆ ವಿವರಗಳು ಹೆಸರುಗಳ ದಾಖಲೆಯಲ್ಲಿಲ್ಲ. ಐನೋಡ್ ಎಂಬ ಬೇರೆಯ ಜಾಗದಲ್ಲಿವೆ, ಅಲ್ಲಿಗೆ ಹೋಗಲು ಎಕ್ಸ್ ಬೇಕು. ಇದಕ್ಕೆ ವಿರುದ್ಧವಾಗಿ ಎಕ್ಸ್ ಇದ್ದು ಆರ್ ಇಲ್ಲದಿದ್ದರೆ ಪಟ್ಟಿ ಸಿಗುವುದಿಲ್ಲ, ಆದರೆ ಒಳಗಿನ ಫೈಲೊಂದರ ಹೆಸರು ನಮಗೆ ಮೊದಲೇ ಗೊತ್ತಿದ್ದು ಆ ಫೈಲ್‌ಗೆ ಅನುಮತಿಯಿದ್ದರೆ ಅದನ್ನು ಓದಬಹುದು. ಪ್ರಯೋಗಾಲಯದ ಒಂದೇ ಯಂತ್ರವನ್ನು ಹಲವರು ಹಂಚಿಕೊಂಡಿರುವಾಗ ಈ ವ್ಯತ್ಯಾಸವನ್ನು ತಾವೇ ಮಾಡಿ ನೋಡುವುದು ಒಳ್ಳೆಯದು. ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ರೂಟ್ ಬಳಕೆದಾರರಾಗಿ ಮಾಡಿದರೆ ಮಾತ್ರ ಏನೂ ಕಾಣದು, ಏಕೆಂದರೆ ಈ ತಡೆ ರೂಟ್‌ಗೆ ಅನ್ವಯಿಸುವುದಿಲ್ಲ.

ಗಾತ್ರದ ಅಂಕಣದಲ್ಲಿ ಡೈರೆಕ್ಟರಿಯ ಎದುರು ಸಾಮಾನ್ಯವಾಗಿ 4096 ಎಂದು ಕಾಣುತ್ತದೆ. ಇದು ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ ಹೆಸರುಗಳ ದಾಖಲೆ ಹಿಡಿದಿರುವ ಜಾಗವೇ ಹೊರತು ಒಳಗಿನ ಫೈಲ್‌ಗಳ ಒಟ್ಟು ಗಾತ್ರವಲ್ಲ; ಒಟ್ಟು ಗಾತ್ರ ಬೇಕಿದ್ದರೆ ಡಿಯು ಕಮಾಂಡನ್ನು ಬಳಸಬೇಕು. ದೊಡ್ಡ ಸಂಖ್ಯೆಗಳನ್ನು ಕೆಬಿ, ಎಂಬಿಗಳಲ್ಲಿ ಓದಲು -ಎಲ್ ಜೊತೆಗೆ -ಎಚ್ ಸೇರಿಸಿದರೆ ಸಾಕು. ದಿನಾಂಕದ ವಿಷಯದಲ್ಲಿ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಗ್ನೂ ಆವೃತ್ತಿಯ ಎಲ್‌ಎಸ್ ಕಳೆದ ಆರು ತಿಂಗಳೊಳಗೆ ಬದಲಾದ ಫೈಲ್‌ಗೆ ಗಂಟೆ ಮತ್ತು ನಿಮಿಷವನ್ನೂ, ಅದಕ್ಕಿಂತ ಹಳೆಯ ಫೈಲ್‌ಗೆ ವರ್ಷವನ್ನೂ ತೋರಿಸುತ್ತದೆ. ಮುಂದಿನ ದಿನಾಂಕವಿರುವ ಫೈಲ್‌ಗೂ ವರ್ಷವೇ ಬರುತ್ತದೆ. ಹೀಗಾಗಿ ನಿನ್ನೆ ಪೆನ್‌ಡ್ರೈವ್‌ನಲ್ಲಿ ತಂದ ಫೈಲ್‌ನ ಎದುರು ಗಂಟೆಯ ಬದಲು ವರ್ಷ ಕಂಡರೆ ಯಂತ್ರದ ಗಡಿಯಾರ ಹಿಂದೆ ಬಿದ್ದಿದೆಯೇ ಎಂದು ಮೊದಲು ಪರೀಕ್ಷಿಸಬೇಕು.

ಸಾಂಕೇತಿಕ ಲಿಂಕ್‌ಗೆ ನಮ್ಮ ಊರೇ ಉದಾಹರಣೆ ಒದಗಿಸುತ್ತದೆ. 2014ರ ನವೆಂಬರ್ 1ರಂದು ಗುಲ್ಬರ್ಗದ ಹೆಸರು ಅಧಿಕೃತವಾಗಿ ಕಲಬುರಗಿಯಾಯಿತು. ಹಳೆಯ ಪ್ರೋಗ್ರಾಂಗಳು ಇನ್ನೂ ‘ಗುಲ್ಬರ್ಗ’ ಎಂಬ ಡೈರೆಕ್ಟರಿಯನ್ನೇ ಹುಡುಕುತ್ತಿದ್ದರೆ, ಆ ಹೆಸರಿನ ಲಿಂಕೊಂದನ್ನು ಮಾಡಿ ‘ಕಲಬುರಗಿ’ಯ ಕಡೆಗೆ ತೋರಿಸಿದರೆ ಕೆಲಸ ನಡೆಯುತ್ತದೆ. ಈಗ ಎಲ್‌ಎಸ್ -ಎಲ್ ಗುಲ್ಬರ್ಗ ಎಂದು ಕೊಟ್ಟರೆ ಲಿಂಕಿನ ವಿವರವಷ್ಟೇ ಬರುತ್ತದೆ. ಹೆಸರಿನ ಕೊನೆಗೆ ಓರೆಗೆರೆ ಸೇರಿಸಿದರೆ ‘ಕಲಬುರಗಿ’ಯೊಳಗಿನ ಪಟ್ಟಿ ಬರುತ್ತದೆ. ಲಿಂಕಿನ ಗಾತ್ರದ ಜಾಗದಲ್ಲಿ 21 ಎಂದಿರುವುದನ್ನು ಗಮನಿಸಬೇಕು. ಅದು ಗುರಿಯ ಹೆಸರಿನ ಉದ್ದ: ಕಲಬುರಗಿ ಎಂಬುದು ಸ್ವರಚಿಹ್ನೆಗಳೂ ಸೇರಿ ಏಳು ಯುನಿಕೋಡ್ ಸಂಕೇತಗಳು, ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಇಎಕ್ಸ್‌ಟಿ4ರಲ್ಲಿ ಒಂದು ಹೆಸರಿಗೆ 255 ಬೈಟ್ ಮಾತ್ರ ಇರುವುದರಿಂದ, ಕನ್ನಡದಲ್ಲಿ 85 ಸಂಕೇತಗಳಿಗಿಂತ ಉದ್ದದ ಹೆಸರಿಡಲು ಆಗುವುದಿಲ್ಲ. ಸರ್ಕಾರಿ ಸುತ್ತೋಲೆಯ ವಿಷಯದ ಸಾಲನ್ನು ಹಾಗೆಯೇ ಫೈಲ್‌ಗೆ ಹೆಸರಾಗಿಡುವ ಅಭ್ಯಾಸವಿರುವವರಿಗೆ ಈ ಮಿತಿ ಬೇಗನೆ ಎದುರಾಗುತ್ತದೆ.

ನಕ್ಷತ್ರ ಚಿಹ್ನೆಯನ್ನು ಎಲ್‌ಎಸ್ ಅರ್ಥಮಾಡಿಕೊಳ್ಳುವುದಿಲ್ಲ. ಅದಕ್ಕಿಂತ ಮೊದಲೇ ಶೆಲ್, ಅಂದರೆ ನಾವು ಬರೆದ ಕಮಾಂಡನ್ನು ಓದಿ ನಡೆಸುವ ಪ್ರೋಗ್ರಾಂ, ಅದನ್ನು ಹೊಂದುವ ಹೆಸರುಗಳಾಗಿ ಬಿಡಿಸಿ ಕೊಟ್ಟಿರುತ್ತದೆ. ಎಲ್‌ಎಸ್ ಕ* ಎಂದು ಬರೆದಾಗ ಅದರ ಕೈಗೆ ಬರುವುದು ಕಮಲಾಪುರ, ಕಲಬುರಗಿ, ಕಾಳಗಿ ಎಂಬ ಮೂರು ಹೆಸರುಗಳು. ಅವು ಡೈರೆಕ್ಟರಿಗಳಾದ್ದರಿಂದ ಒಂದೊಂದರ ಒಳಗಿನ ಪಟ್ಟಿಯೂ ಬಂದು ಪರದೆ ತುಂಬುತ್ತದೆ. ಹೆಸರುಗಳಷ್ಟೇ ಸಾಕಾದರೆ -ಡಿ ಸೇರಿಸಬೇಕು. ಪ್ರಶ್ನಾರ್ಥಕ ಚಿಹ್ನೆಯು ಒಂದು ಅಕ್ಷರವನ್ನು ಹೊಂದುತ್ತದೆ ಎಂದು ಪಠ್ಯಗಳಲ್ಲಿ ಬರೆದಿರುವುದನ್ನು ಕನ್ನಡಕ್ಕೆ ಹಾಗೆಯೇ ಒಪ್ಪುವಂತಿಲ್ಲ: ಕಾಳಗಿ ನಮ್ಮ ಕಣ್ಣಿಗೆ ಮೂರಕ್ಷರವಾದರೂ ಶೆಲ್‌ಗೆ ಐದು ಸಂಕೇತ, ಆದ್ದರಿಂದ ಐದು ಪ್ರಶ್ನಾರ್ಥಕ ಚಿಹ್ನೆಗಳು ಬೇಕು.

ಸಮಯದ ಕ್ರಮಕ್ಕೆ -ಟಿ, ಗಾತ್ರದ ಕ್ರಮಕ್ಕೆ ದೊಡ್ಡಕ್ಷರದ -ಎಸ್, ತಿರುವುಮುರುವಿಗೆ -ಆರ್. ಅಧ್ಯಾಯ1, ಅಧ್ಯಾಯ10, ಅಧ್ಯಾಯ2 ಎಂದು ಬರುವುದನ್ನು ಸರಿಪಡಿಸಲು -ವಿ ಇದೆ. ಅಕಾರಾದಿ ಕ್ರಮವು ಯಂತ್ರದ ಲೊಕೇಲ್ (ಭಾಷೆ ಮತ್ತು ಪ್ರದೇಶದ) ಹೊಂದಾಣಿಕೆಯನ್ನು ಅವಲಂಬಿಸುತ್ತದೆ. ಸಿ ಲೊಕೇಲ್‌ನಲ್ಲಿ ಬೈಟ್‌ಗಳ ಕ್ರಮವೇ ಅಂತಿಮ. ಯುನಿಕೋಡ್‌ನಲ್ಲಿ ಳಕಾರವು ಲಕಾರದ ಪಕ್ಕದಲ್ಲಿಯೇ ಇರುವುದರಿಂದ ಅಲ್ಲಿ ‘ಕಾಳಗಿ’ಯು ‘ಕಾವೇರಿ’ಗಿಂತ ಮೊದಲು ಬರುತ್ತದೆ, ನಮ್ಮ ನಿಘಂಟುಗಳ ಕ್ರಮ ಇದಕ್ಕೆ ತದ್ವಿರುದ್ಧ.

ಕನ್ನಡ ಹೆಸರುಗಳಲ್ಲಿ ಹೆಚ್ಚು ಕಾಡುವ ತೊಂದರೆ ಬೇರೊಂದಿದೆ. ಪಟ್ಟಿಯಲ್ಲಿ ‘ಬೀದರ್’ ಎಂಬ ಹೆಸರು ಎರಡು ಬಾರಿ ಕಾಣುವುದುಂಟು. ಒಂದೇ ಡೈರೆಕ್ಟರಿಯಲ್ಲಿ ಒಂದೇ ಹೆಸರು ಎರಡು ಬಾರಿ ಇರಲು ಸಾಧ್ಯವಿಲ್ಲ. ಹಾಗಾದರೆ ಎರಡರ ಬೈಟ್‌ಗಳು ಬೇರೆ ಎಂದೇ ಅರ್ಥ. ದಸ್ತಾವೇಜಿನಿಂದ ನಕಲು ಮಾಡುವಾಗ ಕೊನೆಯಲ್ಲಿ ಅಕ್ಷರಗಳು ಕೂಡಿ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಜೋಡಣೆ-ತಡೆ ಸಂಕೇತವೊಂದು ಸೇರಿರಬಹುದು. ಚಿಂಚೋಳಿಯ ‘ಚೋ’ದಲ್ಲಿರುವ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿಬಿಡಿ ಸಂಕೇತಗಳಾಗಿಯೂ ಬರೆಯಬಹುದಾದ್ದರಿಂದ ಅಲ್ಲಿಯೂ ಇದೇ ಗತಿ. ಸಿ ಲೊಕೇಲ್ ಅನ್ನು ಆ ಒಂದು ಕಮಾಂಡಿಗೆ ಮಾತ್ರ ಅನ್ವಯಿಸಿ ಎಲ್‌ಎಸ್ -ಬಿ ಕೊಟ್ಟರೆ ಹೆಸರುಗಳು ಅಷ್ಟಮಾನ (ಎಂಟರ ಆಧಾರದ) ಸಂಖ್ಯೆಗಳಾಗಿ ಬರುತ್ತವೆ. ಅವುಗಳಲ್ಲಿ ಕನ್ನಡದ ಪ್ರತಿ ಸಂಕೇತವೂ \340\262 ಅಥವಾ \340\263 ಎಂದು ಆರಂಭವಾಗುತ್ತದೆ. ನಡುವೆ ಅಥವಾ ಕೊನೆಯಲ್ಲಿ \342\200\214 ಕಂಡರೆ ಅದೇ ಕಾಣದ ಸಂಕೇತ.

ಇಂತಹ ಫೈಲ್‌ನ ಹೆಸರನ್ನು ಕೀಬೋರ್ಡ್‌ನಲ್ಲಿ ಬರೆದು ಬದಲಿಸಲು ಹೋದರೆ ತಪ್ಪು ಫೈಲ್‌ಗೆ ಕೈ ಹಾಕುವ ಸಂಭವವಿದೆ. ಎಲ್‌ಎಸ್ -ಐ ಕೊಟ್ಟು ಐನೋಡ್ ಸಂಖ್ಯೆಯನ್ನು ಪಡೆದು, ಫೈಂಡ್ ಕಮಾಂಡಿನ -ಇನಮ್ ಆಯ್ಕೆಗೆ ಆ ಸಂಖ್ಯೆಯನ್ನು ಒದಗಿಸಿ, ಅದು ಒಂದೇ ಒಂದು ಹೆಸರನ್ನು ಹಿಂದಿರುಗಿಸುವುದನ್ನು ಖಚಿತಪಡಿಸಿಕೊಂಡ ನಂತರವೇ ಅದರ ಮೂಲಕ ಹೆಸರು ಬದಲಿಸಬೇಕು. ಸಾಮಾನ್ಯ ಫೈಲ್‌ನ ಲಿಂಕ್‌ಗಳ ಅಂಕಣದಲ್ಲಿ 1ಕ್ಕಿಂತ ಹೆಚ್ಚಿನ ಸಂಖ್ಯೆಯಿದ್ದರೆ ಅದೇ ಐನೋಡ್‌ಗೆ ಬೇರೆ ಹೆಸರುಗಳೂ ಇವೆ, ಆಗ ಫೈಂಡ್ ಒಂದಕ್ಕಿಂತ ಹೆಚ್ಚು ಹೆಸರುಗಳನ್ನು ಕೊಡಬಹುದು. ಯಾವುದನ್ನು ಬದಲಿಸಬೇಕೆಂದು ದಾರಿಯನ್ನು ನೋಡಿ ನಾವೇ ಆರಿಸಿಕೊಳ್ಳಬೇಕಾಗುತ್ತದೆ.