‘ನೋಡಿದರೇ ಗೊತ್ತಾಗುತ್ತದೆ’ ಎಂಬ ಮಾತಿಗೆ ಒಡ್ಡಿದ ಪರೀಕ್ಷೆ

ಸಲಿಂಗಿಗಳ ವಿಷಯ ಬಂದರೆ ನಮ್ಮಲ್ಲಿ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ‘ಅಂಥವರನ್ನು ನೋಡಿದರೇ ಗೊತ್ತಾಗುತ್ತದೆ’ ಎನ್ನುವುದು ಒಂದು. ‘ಪಾಪ, ಅದೊಂದು ಕಾಯಿಲೆ, ಒಳ್ಳೆಯ ಡಾಕ್ಟರಿಗೆ ತೋರಿಸಿದರೆ ಸರಿಹೋಗುತ್ತದೆ’ ಎನ್ನುವುದು ಇನ್ನೊಂದು. ಎರಡನೆಯ ಮಾತು ಆಡುವವರು ತಮ್ಮನ್ನು ಕರುಣಾಳುಗಳೆಂದೇ ತಿಳಿದಿರುತ್ತಾರೆ. ಓದಿದವರು, ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ ಕೆಲಸ ಮಾಡುವವರು ಕೂಡ ಇದನ್ನು ಹೇಳುತ್ತಾರೆ. ಸುಮಾರು ಎಪ್ಪತ್ತು ವರ್ಷಗಳ ಹಿಂದೆಯೇ ಈ ಎರಡೂ ಮಾತುಗಳನ್ನು ಒಂದೇ ಪ್ರಯೋಗದಲ್ಲಿ ಒರೆಗೆ ಹಚ್ಚಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಎವೆಲಿನ್ ಹೂಕರ್.

ಹೂಕರ್ ಹುಟ್ಟಿದ್ದು 1907ರಲ್ಲಿ, ನೆಬ್ರಾಸ್ಕಾದ ಬಡ ರೈತ ಕುಟುಂಬದಲ್ಲಿ. 1937ರಲ್ಲಿ ಬರ್ಲಿನ್‌ಗೆ ಓದಲು ಹೋದಾಗ ಅವರಿದ್ದದ್ದು ಒಂದು ಯಹೂದಿ ಕುಟುಂಬದ ಮನೆಯಲ್ಲಿ. ಒಂದು ಸರ್ಕಾರ ಒಂದು ಸಮುದಾಯಕ್ಕೆ ಹಣೆಪಟ್ಟಿ ಹಚ್ಚಿದರೆ ಏನಾಗುತ್ತದೆ ಎಂಬುದನ್ನು ಅವರು ಅಲ್ಲಿ ಕಣ್ಣಾರೆ ಕಂಡರು. ಮುಂದೆ ಲಾಸ್ ಏಂಜಲಿಸ್‌ನಲ್ಲಿ ಪಾಠ ಮಾಡುತ್ತಿದ್ದಾಗ ಸ್ಯಾಮ್ ಫ್ರಮ್ ಎಂಬ ವಿದ್ಯಾರ್ಥಿ ಆಪ್ತನಾದ. ತಾನು ಸಲಿಂಗಿ ಎಂದು ಹೇಳಿಕೊಂಡ ಆತ ತನ್ನ ಗೆಳೆಯರ ಬಳಗಕ್ಕೆ ಅವರನ್ನು ಕರೆದೊಯ್ದ. ನಮ್ಮಂಥವರನ್ನು ಅಧ್ಯಯನ ಮಾಡುವುದು ವಿಜ್ಞಾನಿಯಾಗಿ ನಿಮ್ಮ ಕರ್ತವ್ಯ ಎಂದು ಒತ್ತಾಯಿಸಿದ.

ಕಾಲ ಹೇಗಿತ್ತು ನೋಡಿ. 1952ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಹೊರತಂದ ಮೊದಲ ರೋಗಪಟ್ಟಿಯಲ್ಲಿ ಸಲಿಂಗಕಾಮವೂ ಇತ್ತು. 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ ಆದೇಶ ಸಲಿಂಗಿಗಳನ್ನು ಸರ್ಕಾರಿ ಕೆಲಸದಿಂದ ಕಿತ್ತುಹಾಕಲು ದಾರಿ ಮಾಡಿತು. ಇಂಗ್ಲೆಂಡ್ ಕೂಡ ಹಿಂದೆ ಬೀಳಲಿಲ್ಲ. ಯುದ್ಧಕಾಲದಲ್ಲಿ ಜರ್ಮನರ ಗುಪ್ತಲಿಪಿ ಭೇದಿಸಲು ನೆರವಾದ ಅಲನ್ ಟ್ಯೂರಿಂಗ್ ಅವರನ್ನು 1952ರಲ್ಲಿ ಇದೇ ಕಾರಣಕ್ಕೆ ಅಪರಾಧಿ ಎಂದು ಘೋಷಿಸಲಾಯಿತು. ಜೈಲು ಬೇಡವಾದರೆ ಹಾರ್ಮೋನ್ ಚಿಕಿತ್ಸೆ ಪಡೆ ಎಂದಿತು ನ್ಯಾಯಾಲಯ. ಎರಡು ವರ್ಷದಲ್ಲಿ ಅವರು ತೀರಿಕೊಂಡರು. ಬ್ರಿಟನ್ ಅವರಿಗೆ ಮರಣೋತ್ತರ ಕ್ಷಮಾದಾನ ನೀಡಿದ್ದು 2013ರಲ್ಲಿ.

ಸಲಿಂಗಿಗಳೆಲ್ಲ ರೋಗಿಗಳು ಎಂದು ವೈದ್ಯರು ಅಷ್ಟು ಖಚಿತವಾಗಿ ಹೇಳುತ್ತಿದ್ದದ್ದು ಯಾವ ಆಧಾರದ ಮೇಲೆ? ಅವರು ಕಂಡಿದ್ದ ಸಲಿಂಗಿಗಳೆಲ್ಲ ಒಂದೋ ಚಿಕಿತ್ಸೆಗೆ ಬಂದವರು, ಇಲ್ಲವೇ ಜೈಲಿನಲ್ಲಿದ್ದವರು. ಆರೋಗ್ಯವಾಗಿದ್ದವನು ಮನೋವೈದ್ಯರ ಬಳಿ ಏಕೆ ಹೋಗುತ್ತಾನೆ? ಹೋಗದವನ ಲೆಕ್ಕ ಯಾವ ಪುಸ್ತಕಕ್ಕೂ ಸೇರಲಿಲ್ಲ. ಹೂಕರ್ ಕೈಹಾಕಿದ್ದು ಇಲ್ಲಿಗೆ.

ಅವರು 30 ಮಂದಿ ಸಲಿಂಗಿ ಪುರುಷರನ್ನು ಆರಿಸಿದರು. ಯಾರೂ ಜೈಲಿನಲ್ಲಿದ್ದವರಲ್ಲ, ಚಿಕಿತ್ಸೆ ಪಡೆಯುತ್ತಿದ್ದವರಲ್ಲ. ವಯಸ್ಸು, ವಿದ್ಯೆ, ಬುದ್ಧಿಮಟ್ಟ ಇವರಿಗೆ ಹೊಂದುವಂಥ 30 ಮಂದಿ ಇತರ ಪುರುಷರನ್ನೂ ಹುಡುಕಿ ಜೋಡಿ ಮಾಡಿದರು. ಗುಟ್ಟು ಹೊರಬಿದ್ದರೆ ಕೆಲಸ ಹೋಗುವ, ಪೊಲೀಸರು ಬರುವ ಕಾಲವಾದ್ದರಿಂದ ಪರೀಕ್ಷೆ ನಡೆದದ್ದು ವಿಶ್ವವಿದ್ಯಾಲಯದಲ್ಲಲ್ಲ, ಹೂಕರ್ ಅವರ ಮನೆಯ ಆವರಣದಲ್ಲಿ. ಪ್ರತಿಯೊಬ್ಬರ ಮುಂದೆಯೂ ರೋರ್ಶಾಕ್ ಪರೀಕ್ಷೆಯ ಹತ್ತು ಕಾರ್ಡುಗಳು ಬಂದವು. ಮಧ್ಯಕ್ಕೆ ಮಡಿಚಿದ ಕಾಗದದ ಮೇಲೆ ಶಾಯಿ ಚೆಲ್ಲಿ ಒತ್ತಿದಂಥ ಕಲೆಗಳು ಅವು; ಕೆಲವು ಬರೀ ಕಪ್ಪು, ಕೆಲವಕ್ಕೆ ಬಣ್ಣವಿದೆ. ಐದನೆಯದು ಬಹಳ ಜನರಿಗೆ ಬಾವಲಿಯಂತೆಯೋ ಚಿಟ್ಟೆಯಂತೆಯೋ ಕಾಣುತ್ತದೆ. ಇದರಲ್ಲಿ ನಿಮಗೇನು ಕಾಣುತ್ತದೆ ಎಂದು ಕೇಳುವುದು, ಹೇಳಿದ್ದನ್ನೆಲ್ಲ ಬರೆದುಕೊಳ್ಳುವುದು. ಆ ಉತ್ತರಗಳಲ್ಲಿ ಸಲಿಂಗಕಾಮದ ಕುರುಹು ಸಿಗುತ್ತದೆ ಎಂದು ತಜ್ಞರು ಗಟ್ಟಿಯಾಗಿ ನಂಬಿದ್ದರು. ಚಿತ್ರ ನೋಡಿ ಕಥೆ ಹೇಳಿಸುವ ಇನ್ನೆರಡು ಪರೀಕ್ಷೆಗಳೂ ಇದ್ದವು.

ನಂತರ ಹೂಕರ್ ಹೆಸರು, ಗುರುತು ಎಲ್ಲ ಅಳಿಸಿ, 60 ದಾಖಲೆಗಳನ್ನೂ ಕಲೆಸಿ, ಆ ವಿದ್ಯೆಯ ಘಟಾನುಘಟಿಗಳ ಕೈಗಿತ್ತರು. ರೋರ್ಶಾಕ್ ಪರೀಕ್ಷೆಯಲ್ಲಿ ಬ್ರೂನೋ ಕ್ಲಾಪ್ಫರ್ ಅವರನ್ನು ಮೀರಿಸಿದ ಹೆಸರು ಆಗ ಅಮೆರಿಕದಲ್ಲಿ ಇರಲಿಲ್ಲ. ಎಡ್ವಿನ್ ಶ್ನೈಡ್‌ಮನ್, ಮಾರ್ಟಿಮರ್ ಮೇಯರ್ ಇನ್ನಿಬ್ಬರು. ಮೊದಲು ಪ್ರತಿಯೊಬ್ಬರ ಮಾನಸಿಕ ಆರೋಗ್ಯಕ್ಕೆ ಅಂಕ ಕೊಡಿ. ಆಮೇಲೆ ಒಂದೊಂದೇ ಜೋಡಿ ಕೊಡುತ್ತೇನೆ, ಅದರಲ್ಲಿ ಸಲಿಂಗಿ ಯಾರು ಹೇಳಿ. ಇಷ್ಟೇ ಅವರ ಕೆಲಸ.

ಎರಡೂ ಗುಂಪುಗಳಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿಗೆ ಸಾಧಾರಣ ಅಥವಾ ಅದಕ್ಕಿಂತ ಉತ್ತಮ ಎಂಬ ಅಂಕ ಬಿತ್ತು. ಜೋಡಿಯಲ್ಲಿ ಸಲಿಂಗಿಯನ್ನು ಗುರುತಿಸುವ ವಿಷಯದಲ್ಲಿ ತಜ್ಞರ ಸಾಧನೆ ಕಣ್ಣುಮುಚ್ಚಿ ಊಹಿಸಿದ್ದಕ್ಕಿಂತ ಮೇಲಿರಲಿಲ್ಲ. 1956ರಲ್ಲಿ ಷಿಕಾಗೋದ ಸಮ್ಮೇಳನದಲ್ಲಿ ಮಂಡಿಸಿದ ಈ ಫಲಿತಾಂಶವನ್ನು ಹೂಕರ್ 1957ರಲ್ಲಿ ಪ್ರಕಟಿಸಿದರು.

ಆರೋಗ್ಯವಂತರನ್ನೇ ಆರಿಸಿದರೆ ಆರೋಗ್ಯವೇ ಕಾಣುತ್ತದಲ್ಲವೇ ಎಂಬ ಆಕ್ಷೇಪ ಆಗಲೂ ಬಂತು, ಈಗಲೂ ಬರುತ್ತದೆ. ಆಕ್ಷೇಪ ಎತ್ತುವವರು ಹೂಕರ್ ಅವರ ಪ್ರಶ್ನೆಯನ್ನೇ ಗಮನಿಸಿಲ್ಲ. ಸಲಿಂಗಿಗಳಲ್ಲಿ ನೂರಕ್ಕೆ ಎಷ್ಟು ಮಂದಿ ಆರೋಗ್ಯವಂತರು ಎಂದು ಅವರು ಕೇಳಿರಲಿಲ್ಲ. ಸಲಿಂಗಕಾಮವೇ ರೋಗ ಎನ್ನುವ ಸಿದ್ಧಾಂತದ ಪ್ರಕಾರ ಆರೋಗ್ಯವಂತ ಸಲಿಂಗಿ ಎನ್ನುವವನು ಇರಲೇಬಾರದು. ಒಬ್ಬ ಸಿಕ್ಕರೂ ಸಿದ್ಧಾಂತ ಬಿತ್ತು.

ಅಷ್ಟೊಂದು ಅನುಭವವಿದ್ದ ತಜ್ಞರಿಗೆ ಇಲ್ಲದ ಕುರುಹು ಹೇಗೆ ಕಾಣುತ್ತಿತ್ತು? ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದಿಟ್ಟ ಪ್ರಶ್ನೆ ಇದು. ಉತ್ತರ ಸಿಕ್ಕಿದ್ದು 1969ರಲ್ಲಿ, ಲೊರೆನ್ ಮತ್ತು ಜೀನ್ ಚಾಪ್‌ಮನ್ ದಂಪತಿಯ ಅಧ್ಯಯನದಲ್ಲಿ. ಶಾಯಿ ಕಲೆಗಳಲ್ಲಿ ಪೃಷ್ಠ, ಹೆಂಗಸರ ಉಡುಪು, ಗಂಡೋ ಹೆಣ್ಣೋ ತಿಳಿಯದ ಆಕೃತಿ ಕಂಡರೆ ಅದು ಸಲಿಂಗಕಾಮದ ಕುರುಹು ಎಂದು ವೃತ್ತಿಪರರು ಹೇಳುತ್ತಿದ್ದರು. ಸಂಶೋಧನೆಯಲ್ಲಿ ಈ ಯಾವುದಕ್ಕೂ ಆಧಾರ ಸಿಕ್ಕಿರಲಿಲ್ಲ. ಚಾಪ್‌ಮನ್ ದಂಪತಿ ಏನೂ ತಿಳಿಯದ ಕಾಲೇಜು ವಿದ್ಯಾರ್ಥಿಗಳ ಮುಂದೆ ಕಾರ್ಡುಗಳನ್ನು ಇಟ್ಟರು. ಒಂದೊಂದರ ಮೇಲೂ ಒಬ್ಬನಿಗೆ ಕಂಡ ಆಕೃತಿ, ಜೊತೆಗೆ ಅವನ ಸಮಸ್ಯೆ ಏನು ಎಂಬ ವಾಕ್ಯ. ಯಾವ ಆಕೃತಿಗೂ ಯಾವ ಸಮಸ್ಯೆಗೂ ಸಂಬಂಧ ಇಲ್ಲದಂತೆ ಲೆಕ್ಕ ಹಾಕಿಯೇ ಅವನ್ನು ಜೋಡಿಸಿದ್ದರು. ಆದರೂ ವಿದ್ಯಾರ್ಥಿಗಳು ‘ಕಂಡುಹಿಡಿದರು’: ವೃತ್ತಿಪರರು ಹೇಳುತ್ತಿದ್ದ ಅವೇ ಕುರುಹುಗಳನ್ನು! ಹಿಂದಿನ ಸಂಶೋಧನೆಗಳಲ್ಲಿ ಸ್ವಲ್ಪ ಆಧಾರವಿದ್ದ ಬೇರೆ ಕುರುಹುಗಳೂ ಕಾರ್ಡುಗಳಲ್ಲಿದ್ದವು. ಅವನ್ನು ಬೇಕೆಂದೇ ಸಲಿಂಗಕಾಮದೊಂದಿಗೆ ತಳುಕು ಹಾಕಿ ತೋರಿಸಿದಾಗಲೂ ವಿದ್ಯಾರ್ಥಿಗಳ ಕಣ್ಣಿಗೆ ಬೀಳಲಿಲ್ಲ.

ಬೆಕ್ಕು ಅಡ್ಡ ಬಂದರೆ ಕೆಲಸ ಕೆಡುತ್ತದೆ ಎನ್ನುವವರ ತಲೆಯಲ್ಲಿ ನಡೆಯುವುದೂ ಇದೇ. ಸಂಬಂಧ ಇದೆಯೇ ಎಂದು ತಿಳಿಯಲು ನಾಲ್ಕು ಲೆಕ್ಕ ಬೇಕು: ಬೆಕ್ಕು ಬಂದು ಕೆಲಸ ಕೆಟ್ಟದ್ದು, ಬೆಕ್ಕು ಬಂದರೂ ಕೆಡದ್ದು, ಬಾರದೆಯೂ ಕೆಟ್ಟದ್ದು, ಬಾರದೆ ಸುಸೂತ್ರವಾಗಿ ಆದದ್ದು. ನೆನಪು ಇಟ್ಟುಕೊಳ್ಳುವುದು ಮೊದಲನೆಯದನ್ನು ಮಾತ್ರ. ನಡಿಗೆಯಲ್ಲಿ ಬಳುಕು ಇರುವ ಒಬ್ಬ ಸಲಿಂಗಿಯನ್ನು ಕಂಡವರು ಜೀವನಪೂರ್ತಿ ಅವನನ್ನು ನೆನೆಯುತ್ತಾರೆ. ಹಾಗೆ ನಡೆಯುವ, ಹೆಂಡತಿ ಮಕ್ಕಳೊಂದಿಗೆ ನೆಮ್ಮದಿಯಾಗಿರುವ ಗಂಡಸು ಲೆಕ್ಕಕ್ಕಿಲ್ಲ. ಪಕ್ಕದ ಮೇಜಿನಲ್ಲಿ ಹತ್ತು ವರ್ಷದಿಂದ ಕೂತು ಯಾರಿಗೂ ಏನೂ ಹೇಳದೆ ಕೆಲಸ ಮಾಡುವ ಸಲಿಂಗಿಯಂತೂ ಯಾರ ಲೆಕ್ಕದಲ್ಲೂ ಇಲ್ಲ. ಅವನು ಬಾಯಿ ಬಿಡದಂತೆ ಮಾಡಿರುವುದು ನಾವೇ.

ವಿಜ್ಞಾನ ಒಂದೇ ಈ ಕೆಲಸ ಮುಗಿಸಲಿಲ್ಲ. 1969ರಲ್ಲಿ ನ್ಯೂಯಾರ್ಕಿನ ಸ್ಟೋನ್‌ವಾಲ್ ಎಂಬ ಬಾರ್ ಮೇಲೆ ಪೊಲೀಸರು ದಾಳಿ ಮಾಡಿದಾಗ ಸಲಿಂಗಿಗಳು ತಿರುಗಿಬಿದ್ದರು. ಆಮೇಲೆ ಮನೋವೈದ್ಯರ ಸಭೆಗಳಿಗೂ ನುಗ್ಗಿ ಪ್ರಶ್ನೆ ಕೇಳಿದರು. 1972ರ ಸಮ್ಮೇಳನದಲ್ಲಿ ಜಾನ್ ಫ್ರೈಯರ್ ಎಂಬ ಮನೋವೈದ್ಯರು ಮುಖವಾಡ ತೊಟ್ಟು, ದನಿ ಬದಲಿಸಿಕೊಂಡು, ತಾನೂ ಸಲಿಂಗಿ ಎಂದು ಸಹೋದ್ಯೋಗಿಗಳಿಗೆ ಹೇಳಿದರು. 1973ರ ಡಿಸೆಂಬರ್‌ನಲ್ಲಿ ಸಂಘ ಸಲಿಂಗಕಾಮವನ್ನು ರೋಗಪಟ್ಟಿಯಿಂದ ತೆಗೆಯಿತು. ಮತ ಹಾಕಿ ಕಾಯಿಲೆ ತೆಗೆದರು ಎಂದು ಹಂಗಿಸುವವರು ನೆನಪಿಡಬೇಕಾದ ಸಂಗತಿ ಒಂದಿದೆ: 1974ರಲ್ಲಿ ಎಲ್ಲ ಸದಸ್ಯರ ಮತ ಕೇಳಿ ಎಂದು ಪಟ್ಟು ಹಿಡಿದದ್ದು ತೀರ್ಮಾನವನ್ನು ವಿರೋಧಿಸಿದ ವೈದ್ಯರು. ಶೇ 58ರಷ್ಟು ಮತ ತೀರ್ಮಾನದ ಪರ ಬಿತ್ತು. ವಿಶ್ವ ಆರೋಗ್ಯ ಸಂಸ್ಥೆ ಇದೇ ದಾರಿ ಹಿಡಿದದ್ದು 1990ರ ಮೇ 17ರಂದು.

ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ, ಬ್ರಿಟಿಷರು 1860ರಲ್ಲಿ ಬರೆದ ದಂಡಸಂಹಿತೆಯ ಸೆಕ್ಷನ್ 377 ನಮ್ಮಲ್ಲಿ ಅದಾದ ಮೇಲೂ ದಶಕಗಳ ಕಾಲ ಉಳಿಯಿತು. 1980ರ ದಶಕದಲ್ಲೂ ಸಲಿಂಗಕಾಮಕ್ಕೆ ‘ಚಿಕಿತ್ಸೆ’ ಕೊಟ್ಟ ವರದಿಗಳು ನಮ್ಮ ಮನೋವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದವು. 2009ರಲ್ಲಿ ದೆಹಲಿ ಹೈಕೋರ್ಟ್ ಸೆಕ್ಷನ್‌ಗೆ ಕತ್ತರಿ ಹಾಕಿತು, 2013ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಮರುಜೀವ ಕೊಟ್ಟಿತು, 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದಿತು. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರ್‌ನಲ್ಲಿ ನಿರಾಕರಿಸಿತು.

ಇಷ್ಟಾದರೂ ಮಗನನ್ನು ‘ಸರಿಮಾಡಿಸಲು’ ತಂದೆತಾಯಿ ಅಲೆಯುವುದು ನಿಂತಿಲ್ಲ. ಒಂದು ವಿಷಯವನ್ನು ಅವರಿಗೆ ಯಾರಾದರೂ ಹೇಳಲೇಬೇಕು. ಮದ್ರಾಸ್ ಹೈಕೋರ್ಟಿನ ನಿರ್ದೇಶನದ ನಂತರ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇಂಥ ‘ಪರಿವರ್ತನಾ ಚಿಕಿತ್ಸೆ’ಯನ್ನು ವೃತ್ತಿ ದುರ್ನಡತೆ ಎಂದು ಘೋಷಿಸಿದೆ. ಬದಲಾಯಿಸಿ ಕೊಡುತ್ತೇನೆ ಎನ್ನುವ ವೈದ್ಯರ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ತಾಯತ ಕಟ್ಟಿ, ಹರಕೆ ಹೊರಿಸಿ, ತರಾತುರಿಯಲ್ಲಿ ಹೆಣ್ಣು ನೋಡಿ ಮದುವೆ ಮಾಡಿಸುವವರ ಮೇಲೆ ಆ ಪರಿಷತ್ತಿಗೆ ಯಾವ ಅಧಿಕಾರವೂ ಇಲ್ಲ.