ಏರ್‌ಪ್ರಾಕ್ಸ್: ಅಡಿಲೆಕ್ಕದ ಪದವಲ್ಲ

ಮಂಗಳೂರಿನಲ್ಲಿ ಮಂಜು ಕವಿದು ವಿಮಾನ ಇಳಿಯದೆ ಮತ್ತೆ ಮೇಲೇರಿದರೆ ನಮ್ಮ ಹಾಸನದ ವಾಟ್ಸಾಪ್ ಗುಂಪುಗಳಲ್ಲಿ ಅದು ‘ನಿಯರ್ ಮಿಸ್’. ಟೈರ್ ಒಡೆದರೂ ‘ನಿಯರ್ ಮಿಸ್’. ದಯವಿಟ್ಟು ಬೇಡ. ಹಾರಾಟದಲ್ಲಿ ಇದು ಎರಡು ವಿಮಾನಗಳು ಅಪಾಯವಾಗುವಷ್ಟು ಹತ್ತಿರ ಬಂದಾಗ ಹೇಳುವ ಮಾತು. ಆ ಕೆಲಸದವರು ಬಳಸುವ ಪದ ‘ಏರ್‌ಪ್ರಾಕ್ಸ್’.

ಎಷ್ಟು ಅಡಿ ಹತ್ತಿರ ಬಂದರೆ ಏರ್‌ಪ್ರಾಕ್ಸ್ ಅಂತ ಎಲ್ಲರೂ ಕೇಳುತ್ತಾರೆ. ಅಂಥ ಅಳತೆಯೇ ಇಲ್ಲ. ವಿಮಾನಗಳ ದೂರ, ಇದ್ದ ಜಾಗ, ವೇಗ ನೋಡಿ ಸುರಕ್ಷತೆಗೆ ಧಕ್ಕೆ ಬಂದಿರಬಹುದು ಅಂತ ಪೈಲಟ್‌ಗೋ, ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್‌ಗೋ ಅನ್ನಿಸಿದರೆ ಅದು ಏರ್‌ಪ್ರಾಕ್ಸ್. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ವ್ಯಾಖ್ಯೆಯೇ ಹೀಗಿದೆ. ಅನ್ನಿಸಿದವರು ಮೊದಲು ವರದಿ ಮಾಡಬೇಕು. ರೇಡಾರ್ ದಾಖಲೆ, ರೇಡಿಯೊ ಮಾತುಕತೆ ತೆಗೆದು ಅಳೆಯುವುದು ಆಮೇಲಿನ ಕೆಲಸ. ತನಿಖೆಯ ಕೊನೆಗೆ ನಾಲ್ಕು ತೀರ್ಮಾನಗಳಲ್ಲಿ ಒಂದು ಬರುತ್ತದೆ: ಡಿಕ್ಕಿಯ ಅಪಾಯವಿತ್ತು, ಸುರಕ್ಷತೆ ಖಾತ್ರಿ ಇರಲಿಲ್ಲ, ಡಿಕ್ಕಿಯ ಅಪಾಯ ಇರಲಿಲ್ಲ, ಹೇಳಲು ಮಾಹಿತಿ ಸಾಲದು. ಮೂರನೆಯದು ಬಂದ ಕೂಡಲೇ ‘ಪೈಲಟ್ ಸುಮ್ನೆ ಗಾಬರಿಯಾದರು’ ಅಂತ ಬರೆಯುವವರ ಮೇಲೆ ನನಗೆ ಸಿಟ್ಟಿದೆ. ಹಾಗೆ ಆಡಿಕೊಂಡರೆ ಮುಂದಿನ ಸಲ ಯಾರು ವರದಿ ಮಾಡುತ್ತಾರೆ?

ಅಳತೆ ಇರುವುದು ‘ಸೆಪರೇಷನ್’ಗೆ, ಅಂದರೆ ಎರಡು ವಿಮಾನಗಳ ನಡುವೆ ಇರಲೇಬೇಕಾದ ಕನಿಷ್ಠ ಅಂತರಕ್ಕೆ. ರೇಡಾರ್ ಇರುವ ಮಾರ್ಗದಲ್ಲಿ ಸಾಮಾನ್ಯವಾಗಿ ಮೇಲೆ ಕೆಳಗೆ 1,000 ಅಡಿ, ಇಲ್ಲವೇ ಅಕ್ಕಪಕ್ಕ 5 ನಾಟಿಕಲ್ ಮೈಲಿ (ಸುಮಾರು 9 ಕಿ.ಮೀ.). ಚಾರ್ಮಾಡಿ ತಿರುವಿನಲ್ಲಿ ಎರಡು ಬಸ್ಸು ಒಂದಡಿ ಜಾಗದಲ್ಲಿ ದಾಟುವುದನ್ನು ನೋಡಿದ ನಮಗೆ ಇದು ಜಾಸ್ತಿ ಅನ್ನಿಸಬಹುದು. ಆದರೆ ಒಂದೇ ಎತ್ತರದಲ್ಲಿ ಎದುರುಬದುರು ಬರುವ ಎರಡು ಜೆಟ್‌ಗಳ ನಡುವೆ 1,000 ಅಡಿ ದೂರ ಒಂದು ಸೆಕೆಂಡೂ ಉಳಿಯುವುದಿಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 349 ಜನ ಸತ್ತರು. ಒಬ್ಬರೂ ಉಳಿಯಲಿಲ್ಲ.

ವರದಿ ಅಂದರೆ ತಪ್ಪೊಪ್ಪಿಗೆಯಲ್ಲ. 2022ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಎರಡು ರನ್‌ವೇಗಳಿಂದ ಎರಡು ವಿಮಾನಗಳು ಹೆಚ್ಚುಕಡಿಮೆ ಒಟ್ಟಿಗೇ ಮೇಲೇರಿ ಹತ್ತಿರ ಬಂದವು. ದಕ್ಷಿಣದ ರನ್‌ವೇ ನಿಲ್ಲಿಸುವ ನಿರ್ಧಾರ ಅಲ್ಲಿನ ಕಂಟ್ರೋಲರ್‌ಗೆ ತಲುಪಿರಲಿಲ್ಲ. ರೇಡಾರ್ ಕಂಟ್ರೋಲರ್ ಗಮನಿಸಿ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ಉಳಿದರು. ಅಷ್ಟಾದರೂ ಘಟನೆ ಯಾವ ಲಾಗ್‌ಬುಕ್ಕಿನಲ್ಲೂ ಇರಲಿಲ್ಲ ಅಂತ ದೇಶದ ವಿಮಾನಯಾನ ಸುರಕ್ಷತೆ ನೋಡಿಕೊಳ್ಳುವ ಡಿಜಿಸಿಎ ಅಧಿಕಾರಿಗಳೇ ಹೇಳಿದ್ದರು. ನನ್ನನ್ನು ಕೇಳಿದರೆ, ಹತ್ತಿರ ಬಂದದ್ದಕ್ಕಿಂತ ಇದೇ ದೊಡ್ಡ ಅಪಾಯ. ಮಾತು ತಲುಪದ ಆ ಜಾಗ ಯಾವುದೆಂದು ಹೊರಬಿದ್ದದ್ದು ತನಿಖೆ ಶುರುವಾದ ಮೇಲೆಯೇ.