ಕೇಪ್ ಟೌನ್ ಪ್ರವಾಸ: ಟೇಬಲ್ ಮೌಂಟನ್ ಯಾವ ದಿನ ನೋಡಬೇಕು?

ಪ್ರಶ್ನೆ: ಜನವರಿಯಲ್ಲಿ ಐದು ದಿನ ಕೇಪ್ ಟೌನ್‌ನಲ್ಲಿ ಇರುತ್ತೇವೆ. ಒಳ್ಳೆಯ ಹೋಟೆಲು, ನಮಗೇ ಪ್ರತ್ಯೇಕ ಕಾರು, ಗೈಡ್ ಎಲ್ಲ ಗೊತ್ತು ಮಾಡಿಯಾಗಿದೆ. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಟೇಬಲ್ ಮೌಂಟನ್ ಕೊನೆಯ ದಿನಕ್ಕಿದೆ. ಹಾಗೇ ಬಿಡಬಹುದೇ?

ಉತ್ತರ: ಬೇಡ, ಬದಲಾಯಿಸಿ. ಟೇಬಲ್ ಮೌಂಟನ್ ಮೊದಲ ದಿನಕ್ಕೆ ಬರಲಿ. ಅಂದು ಬೆಟ್ಟದ ನೆತ್ತಿಗೆ ಒಯ್ಯುವ ಕೇಬಲ್ ಕಾರ್ ನಿಂತಿದ್ದರೆ ಎರಡನೆಯ ದಿನ, ಆಗಲೂ ಆಗದಿದ್ದರೆ ಮೂರನೆಯ ದಿನ. ಕೊನೆಯ ದಿನಕ್ಕೆ ಇಟ್ಟುಕೊಂಡವರಿಗೆ ಈ ಅವಕಾಶವೇ ಇರುವುದಿಲ್ಲ.

ಕಾರಣ ಗಾಳಿ. ಬೇಸಿಗೆಯ ತಿಂಗಳುಗಳಲ್ಲಿ, ಅಂದರೆ ಅಲ್ಲಿನ ಲೆಕ್ಕದಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಆಗ್ನೇಯದಿಂದ ಬಲವಾದ ಗಾಳಿ ಬೀಸುತ್ತದೆ. ಊರಿನ ಹೊಗೆ, ಧೂಳನ್ನು ಹೊತ್ತೊಯ್ಯುತ್ತದೆಂದು ಅಲ್ಲಿನವರು ಅದನ್ನು ‘ಕೇಪ್ ಡಾಕ್ಟರ್’ ಎನ್ನುತ್ತಾರೆ. ಸಮುದ್ರದ ತೇವ ಹೊತ್ತ ಈ ಗಾಳಿ ಬೆಟ್ಟ ಹತ್ತುವಾಗ ತಣಿದು ಮೋಡವಾಗುತ್ತದೆ. ಚಪ್ಪಟೆ ನೆತ್ತಿಯ ಮೇಲೆ ಹರಡಿ ಊರಿನ ಕಡೆಗೆ ಇಳಿಯುತ್ತ, ಕೆಳಗಿನ ಬೆಚ್ಚಗಿನ ಗಾಳಿಯಲ್ಲಿ ಕರಗಿಹೋಗುತ್ತದೆ. ಇದೇ ಹೆಸರುವಾಸಿಯಾದ ‘ಟೇಬಲ್ ಕ್ಲಾತ್’. ಕೆಳಗಿನಿಂದ ನೋಡಲು ಬಲು ಚೆಂದ, ಮೇಲಿದ್ದವರಿಗೆ ಮಂಜು ಬಿಟ್ಟರೆ ಏನೂ ಕಾಣದು. ಮೋಡವೇ ಇಲ್ಲದೆ ಆಕಾಶ ತಿಳಿಯಾಗಿದ್ದರೂ ಗಾಳಿ ಜೋರಾದರೆ ಕೇಬಲ್ ಕಾರ್ ನಿಲ್ಲಿಸುತ್ತಾರೆ. ಹೋಟೆಲ್ ಕಿಟಕಿಯಿಂದ ಬಿಸಿಲು ಕಂಡಿತೆಂದು ಹೊರಟು ವಾಪಸಾಗುವವರು ಎಡವುವುದು ಇಲ್ಲೇ. ಬೆಳಿಗ್ಗೆ ಎದ್ದೊಡನೆ ಕೇಬಲ್‌ವೇಯವರ ಜಾಲತಾಣದಲ್ಲಿ ‘ತೆರೆದಿದೆ’ ಎಂದಿದೆಯೇ ನೋಡಿ, ಆಮೇಲೆ ಕಾರು ಹತ್ತಿ.

ಟಿಕೆಟ್ ಕೊಳ್ಳುವಾಗ ಎಷ್ಟು ದಿನ ಚಲಾವಣೆಯಲ್ಲಿರುತ್ತದೆ ಎಂಬ ಷರತ್ತನ್ನು ಓದಿ. ಮೊದಲ ಗಾಡಿಗಳಲ್ಲೇ ಹೋದರೆ ಸಾಲೂ ಚಿಕ್ಕದು. ಹತ್ತಲು ಐದು ನಿಮಿಷ ಸಾಕು. ಕ್ಯಾಬಿನ್‌ನ ನೆಲ ತಾನೇ ಒಂದು ಪೂರ್ತಿ ಸುತ್ತು ತಿರುಗುವುದರಿಂದ ಕಿಟಕಿ ಪಕ್ಕಕ್ಕೆ ನುಗ್ಗಬೇಕಿಲ್ಲ. ಬೆಟ್ಟ 1,086 ಮೀಟರ್ ಎತ್ತರ, ಜನವರಿಯಲ್ಲೂ ಮೇಲೆ ಚಳಿ ಹಿಡಿಯುತ್ತದೆ, ಜಾಕೆಟ್ ಇರಲಿ. ಮೇಲಿರುವಾಗ ಸೈರನ್ ಕೇಳಿದರೆ ಇನ್ನೊಂದು ಫೋಟೊ ಎಂದು ನಿಲ್ಲದೆ ನೇರ ನಿಲ್ದಾಣಕ್ಕೆ ಬನ್ನಿ: ಹವೆ ಕೆಡುತ್ತಿದೆ, ಎಲ್ಲರನ್ನೂ ಇಳಿಸುತ್ತಾರೆ.

ರಾಬೆನ್ ದ್ವೀಪದ ಕಥೆಯೇ ಬೇರೆ. ಮಂಡೇಲಾ ತಮ್ಮ 27 ವರ್ಷಗಳ ಸೆರೆವಾಸದಲ್ಲಿ 18 ವರ್ಷ ಕಳೆದ ಆ ಸೆರೆಮನೆಗೆ ಊರಿನ ಬಂದರು ಪ್ರದೇಶವಾದ ವಾಟರ್‌ಫ್ರಂಟ್‌ನಿಂದ ದೋಣಿ ಹೊರಡುತ್ತದೆ. ಟಿಕೆಟ್‌ಗೆ ದಿನ, ಗಂಟೆ ಎರಡೂ ನಿಗದಿ, ಮುಂಚೆಯೇ ಕಾದಿರಿಸಬೇಕು. ಹೋಗಿಬರಲು ಮೂರೂವರೆ ಗಂಟೆಯಾದರೂ ಬೇಕು. ಅಲೆ ಎದ್ದರೆ ದೋಣಿ ರದ್ದಾಗುತ್ತದೆ, ಹಾಗಾಗಿ ಇದನ್ನು ಎರಡನೆಯ ಅಥವಾ ಮೂರನೆಯ ದಿನಕ್ಕೆ ಇಡಿ. ಟೇಬಲ್ ಮೌಂಟನ್ ಇರುವ ದಿನಕ್ಕೇ ಇದನ್ನೂ ತುರುಕಬೇಡಿ.

ಗಾಳಿ ಜೋರಾಗಿರುವ ದಿನಕ್ಕೆ, ಊರಿನ ದಕ್ಷಿಣಕ್ಕಿರುವ ಭೂಶಿರ ಕೇಪ್ ಪಾಯಿಂಟ್‌ನ ಪ್ರವಾಸ ಇಟ್ಟುಕೊಳ್ಳಿ, ಬಹುಪಾಲು ಕಾರಿನಲ್ಲೇ ಕಳೆಯುವ ದಿನವದು. ಹೆಚ್ಚಿನ ಟೂರ್‌ಗಳು ಬೆಳಿಗ್ಗೆಯೇ ಸಮುದ್ರದ ಪಕ್ಕದ ಬೆಟ್ಟದಂಚಿನ ಚಾಪ್‌ಮನ್ಸ್ ಪೀಕ್ ರಸ್ತೆ ಹಿಡಿಯುತ್ತವೆ. ನಮ್ಮ ಸಲಹೆ ತಿರುವುಮುರುವು: ಮೊದಲು ಮ್ಯೂಜನ್‌ಬರ್ಗ್, ಸೈಮನ್ಸ್ ಟೌನ್, ಬೋಲ್ಡರ್ಸ್ ಬೀಚಿನ ಪೆಂಗ್ವಿನ್‌ಗಳು, ಮಧ್ಯಾಹ್ನ ಕೇಪ್ ಪಾಯಿಂಟ್, ಸಂಜೆ ಚಾಪ್‌ಮನ್ಸ್ ಪೀಕ್. ದಕ್ಷಿಣ ಆಫ್ರಿಕಾದಲ್ಲೂ ವಾಹನ ಓಡುವುದು ಎಡಕ್ಕೆ. ಉತ್ತರಮುಖವಾಗಿ ಬರುವಾಗ ಸಮುದ್ರ ನಿಮ್ಮ ಎಡಗಡೆಗೇ ಇರುತ್ತದೆ. ಎದುರಿನ ವಾಹನಗಳನ್ನು ದಾಟದೆ ನೋಟದ ತಾಣಗಳಲ್ಲಿ ನಿಲ್ಲಬಹುದು, ಸೂರ್ಯ ಮುಳುಗುವುದೂ ಅದೇ ಕಡೆ. 9 ಕಿಲೋಮೀಟರ್, 114 ತಿರುವುಗಳ ಈ ರಸ್ತೆಗೆ ಟೋಲ್ ಇದೆ. ಬಂಡೆ ಉರುಳುವ ಭಯವಿದ್ದಾಗ ಮುಚ್ಚುತ್ತಾರೆ, ಹೊರಡುವ ಮುನ್ನ ವಿಚಾರಿಸಲು ಡ್ರೈವರಿಗೆ ಹೇಳಿ. ಕೇಪ್ ಪಾಯಿಂಟ್‌ನಲ್ಲಿ ಬಬೂನ್ ಎಂಬ ದೊಡ್ಡ ಕೋತಿಗಳು ತಿಂಡಿಗಾಗಿ ಕಾರಿನೊಳಕ್ಕೇ ನುಗ್ಗುತ್ತವೆ. ಗಾಜು ಏರಿಸಿ, ಬಾಗಿಲು ಲಾಕ್ ಮಾಡಿ. ಅಂದಹಾಗೆ, ಆಫ್ರಿಕಾದ ದಕ್ಷಿಣದ ತುದಿ ಇದಲ್ಲ, ಇನ್ನೂ ಪೂರ್ವಕ್ಕಿರುವ ಕೇಪ್ ಅಗಲಸ್.

ಏಜೆಂಟರ ಹತ್ತಿರ ಬರವಣಿಗೆಯಲ್ಲಿ ಕೇಳಬೇಕಾದ್ದು ಒಂದೇ: ಬೆಳಿಗ್ಗೆ ಹವೆ ನೋಡಿ ದಿನಗಳನ್ನು ಅದಲುಬದಲು ಮಾಡಲು ಹೆಚ್ಚಿನ ಹಣ ಕೊಡಬೇಕೇ? ನಿಮಗೇ ಪ್ರತ್ಯೇಕ ಕಾರಿಗೆ ಕೊಡುವ ದುಡ್ಡಿಗೆ ನಿಜವಾದ ಬೆಲೆ ಬರುವುದು ಈ ಸೌಲಭ್ಯ ಇದ್ದಾಗಲೇ.

ಹೋಟೆಲನ್ನು ಇನ್ನೂ ಬದಲಾಯಿಸಬಹುದಾದರೆ ಅಲ್ಲೂ ಗಾಳಿಯನ್ನು ಮರೆಯಬೇಡಿ. ಕ್ಯಾಂಪ್ಸ್ ಬೇಯಲ್ಲಿ ಸಮುದ್ರ ಕಾಣುವ ಬಾಲ್ಕನಿಗೆ ಹೆಚ್ಚು ಬಾಡಿಗೆ ಕೊಟ್ಟೂ, ಗಾಳಿ ಎದ್ದ ದಿನ ಅಲ್ಲಿ ಕೂರಲಾಗದು. ಪಕ್ಕದ ಕ್ಲಿಫ್ಟನ್‌ನ ನಾಲ್ಕು ಪುಟ್ಟ ಬೀಚುಗಳಿಗೆ ಬೆಟ್ಟದ ಮರೆ ಇದೆ. ಆದರೆ ನೀರಿಗಿಳಿದರೆ ಎರಡೂ ಕಡೆ ಮೈ ಕೊರೆಯುತ್ತದೆ, ಏಕೆಂದರೆ ಇದೇ ಗಾಳಿ ಮೇಲಿನ ಬಿಸಿ ನೀರನ್ನು ದೂರ ತಳ್ಳಿ ಆಳದ ತಣ್ಣೀರನ್ನು ಮೇಲಕ್ಕೆ ತರುತ್ತದೆ. ಈಜುವ ಆಸೆಯಿದ್ದರೆ ಕೇಪ್ ಪಾಯಿಂಟ್‌ಗೆ ಹೊರಡುವ ದಿನ ಈಜುಡುಗೆ ಕಾರಿನಲ್ಲಿಟ್ಟುಕೊಳ್ಳಿ. ಮ್ಯೂಜನ್‌ಬರ್ಗ್‌ನ ನೀರು ಹಲವು ಡಿಗ್ರಿ ಬೆಚ್ಚಗಿರುತ್ತದೆ.